ಲಿವಾ ದಾರಿಯಲ್ಲಿ ಭುಜ ತಟ್ಟಿದವರು

ತೀರಿಹೋದವರು ಬಂದರು, ಕರೆದರು ಎಂದು ಯಾರಾದರೂ ಹೇಳಿದರೆ, ಎಷ್ಟು ಗಂಟೆಗೆ, ಊಟ ಆಗಿತ್ತೋ ಇಲ್ಲವೋ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗ ನನ್ನದೇ ಒಂದು ಸಂಗತಿ ಹೇಳಬೇಕಾಗಿದೆ. ನೀವೂ ಹಾಗೆಯೇ ಕೇಳಿದರೆ ಬೇಸರವಿಲ್ಲ. ಬೆಳಗ್ಗೆ ಹತ್ತೂಕಾಲು; ತಿಂಡಿ ಆಗಿತ್ತು.

ದುಬೈಯ ಅಲ್ ನಹ್ದಾದಲ್ಲಿ ನಾನೂ ಹೆಂಡತಿ ಸುಮತಿಯೂ ಇದ್ದೆವು. ಮಗಳು ಓದಲು ಮಣಿಪಾಲಕ್ಕೆ ಹೋದ ಮೇಲೆ, ಪ್ರತಿ ಶುಕ್ರವಾರ ಬೆಳಗಿನ ಐದೂವರೆಗೆ ಹೊರಟು ಮರುಭೂಮಿಯ ಕಡೆ ಹೋಗಿಬರುವುದು ನಮ್ಮ ಕ್ರಮವಾಯಿತು. ಹಕ್ಕಿ ನೋಡುವ ಹುಚ್ಚು ಅವಳದು. ಹೆಸರು ಗೊತ್ತಿಲ್ಲದ ಹಕ್ಕಿಗೆ ಊರಿನವರ ಹೆಸರಿಡುತ್ತಿದ್ದಳು. ಉದ್ದ ಕಾಲಿನ ಒಂದು ಹಕ್ಕಿ ಅವಳ ಬಾಯಲ್ಲಿ ‘ಪೋಸ್ಟ್‌ಮ್ಯಾನ್ ಶೀನಣ್ಣ’. ಎರಡೂ ಕಿಟಕಿಗೆ ಸರಿದಾಡಲೆಂದು ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಕಾರು ಓಡಿಸುವಾಗ ಮಾತು ಕೂಡದೆಂಬುದು ನನ್ನ ನಿಯಮ. ಆದ್ದರಿಂದ ಹಕ್ಕಿ ಕಂಡರೆ ನನ್ನ ಎಡಭುಜಕ್ಕೆ ಹಿಂದಿನಿಂದ ಎರಡು ಸಲ ತಟ್ಟುತ್ತಿದ್ದಳು. ಸಮಯವಿದ್ದರೆ ನಿಲ್ಲಿಸುತ್ತಿದ್ದೆ.

ಕೊನೆಯ ಸಲ ಅಬುಧಾಬಿ ದಾಟಿ ಮರುಭೂಮಿಯಂಚಿನ ಲಿವಾ ಎಂಬ ಊರಿಗೆ ಹೋಗುತ್ತಿದ್ದಾಗ, ಮರಳಿನ ನಡುವೆ ಮೇವು ಬೆಳೆಸುವ ಹಸಿರು ಗದ್ದೆಯೊಂದರ ಬಳಿ ತಟ್ಟಿದಳು. ಹನ್ನೊಂದಕ್ಕೆ ತಲುಪಬೇಕೆಂದು ಬರೆದುಕೊಂಡಿದ್ದೆ. ನಿಲ್ಲಿಸಲಿಲ್ಲ. ಮತ್ತೆ ತಟ್ಟಿದಳು. ಆಗಲೂ ನಿಲ್ಲಿಸಲಿಲ್ಲ.

“ಇರ್ಲಿ ಬಿಡಿ, ಹಕ್ಕಿಗಿಂತ ನಿಮ್ಮ ವಾಚಿಗೇ ಅವಸರ,” ಎಂದು ನಕ್ಕಳು. ಯಾವ ಹಕ್ಕಿ ಎಂದು ನಾನು ಕೇಳಲಿಲ್ಲ. ಎರಡು ತಿಂಗಳಿಗೆ, ಮೆದುಳಿನಲ್ಲಿ ರಕ್ತಸ್ರಾವವಾಗಿ, ಒಂದೇ ಹಗಲಿನಲ್ಲಿ ಹೋಗಿಬಿಟ್ಟಳು.

ಮರುವರ್ಷ ಮಗಳ ಮದುವೆಯಾಗಿ, ಅವಳೂ ದುಬೈಗೇ ಬಂದು ಕೆಲಸಕ್ಕೆ ಸೇರಿದಳು. ಅಳಿಯ ಪ್ರಶಾಂತ ಅಲ್ಲಿಯ ದೇರಾದಲ್ಲಿ ಕೆಲಸಕ್ಕಿದ್ದವನು, ಸುಮತಿಯನ್ನು ಕಂಡವನಲ್ಲ. ಒಂದು ಶುಕ್ರವಾರ, “ಬನ್ನಿ ಮಾವ, ಮನೆಯಲ್ಲೇ ಕೂತು ಎಂತ ಮಾಡ್ತೀರಿ?” ಎಂದು ಒತ್ತಾಯಿಸಿ ಅದೇ ದಾರಿಯಲ್ಲಿ ಕರೆದೊಯ್ದ. ಮಗಳಿಗೆ ಡ್ಯೂಟಿ ಇತ್ತು. ಅಲ್ಲಿಯ ಕಾರುಗಳಲ್ಲಿ ಸ್ಟೀರಿಂಗ್ ಎಡಕ್ಕಿರುವುದರಿಂದ ನಾನು ಮುಂದೆ, ಅವನ ಬಲಕ್ಕೆ ಕುಳಿತಿದ್ದೆ. ಹಿಂದೆ ಯಾರೂ ಇರಲಿಲ್ಲ.

ಆ ಗದ್ದೆ ಕಂಡಾಗ ಮುಖ ತಿರುಗಿಸಿಕೊಂಡೆ. ಕಾರು ನಿಧಾನವಾಗಿ ಪಕ್ಕಕ್ಕೆ ಸರಿದು ನಿಂತಿತು.

“ಎಂತ ಮಾವ, ವಾಂತಿ ಬರ್ತದಾ?”

“ಇಲ್ಲವಲ್ಲ. ಯಾಕೆ ನಿಲ್ಲಿಸಿದ್ದು?”

“ನೀವೇ ತಟ್ಟಿದ್ರಲ್ಲ, ಎರಡು ಸಲ.”

“ನಾನು ತಟ್ಟಲಿಲ್ಲ ಮಾರಾಯ. ಎಲ್ಲಿ?”

ಅವನು ಬಾಗಿಲ ಕಡೆಯ ಎಡಭುಜವನ್ನು ಮುಟ್ಟಿ ತೋರಿಸಿದ. ತೋರಿಸುವಾಗಲೇ, ಅಲ್ಲಿಗೆ ನನ್ನ ಕೈ ಎಟುಕದೆಂದು ಅವನಿಗೂ ಹೊಳೆಯಿತು. ಹಿಂದಕ್ಕೆ ತಿರುಗಿ ನೋಡಿದ.

“ಯಲ್ಲಾ, ಹೋಗುವ ಮಾವ.” ಅವಸರಪಡಿಸುವ ಆ ಅರಬ್ಬಿ ಮಾತು ಹೇಳುವಾಗ ಅವನ ಸ್ವರ ಸಣ್ಣದಾಗಿತ್ತು.

ನಾನು ಇಳಿದೆ. ಬೇಲಿಯ ಪಕ್ಕ ಬಹಳ ಹೊತ್ತು ನಿಂತೆ. ಗದ್ದೆಗೆ ನೀರು ಚಿಮ್ಮುತ್ತಿತ್ತು. ಒಂದು ಹಕ್ಕಿಯೂ ಇರಲಿಲ್ಲ.

ಆ ತಟ್ಟುವ ಅಭ್ಯಾಸವನ್ನು ನಾನು ಯಾರಿಗೂ ಹೇಳಿರಲಿಲ್ಲ. ಮಗಳನ್ನು ಕೇಳಿದೆ; ಅವಳಿಗೂ ಗೊತ್ತಿರಲಿಲ್ಲ. ಸೀಟ್ ಬೆಲ್ಟ್ ಎಳೆದಿರಬಹುದು ಎಂದು ಅಳಿಯ ಆಮೇಲೆ ಹೇಳಿದ. ಬೆಲ್ಟನ್ನು ನಾನೇ ಹಲವು ಸಲ ಎಳೆದು ನೋಡಿದೆ. ಅದು ಬಿಗಿಯುತ್ತದೆ, ತಟ್ಟುವುದಿಲ್ಲ.

ತಟ್ಟಿದ್ದು ಯಾರು ಎಂದು ಯೋಚಿಸುವುದನ್ನು ಈಗ ಬಿಟ್ಟಿದ್ದೇನೆ. ಇನ್ನೊಂದು ಪ್ರಶ್ನೆ ಮಾತ್ರ ಬಿಡುತ್ತಿಲ್ಲ. ಅದು ಅವಳೇ ಆಗಿದ್ದರೆ, ಪಕ್ಕದಲ್ಲೇ ಕುಳಿತಿದ್ದ ನನ್ನನ್ನು ಬಿಟ್ಟು, ಎಂದೂ ಮುಖ ಕಾಣದ ಅಳಿಯನನ್ನು ಏಕೆ ತಟ್ಟಿದಳು?