ಗುಡಾಣದ ತಳದ ತೂತು

ಮೊನ್ನೆ ನಮ್ಮೂರ ಹಳೇ ಹೆಂಡದ ಮನೆಯ ಪಾಳು ಜಾಗದಲ್ಲಿ ಅಗೆಯುತ್ತಿದ್ದವರು ಒಂದು ಗುಡಾಣ ಎತ್ತಿ ಬೋರಲು ಹಾಕಿದರು. ತಳದಲ್ಲಿ ಮುಷ್ಟಿ ತೂರುವಷ್ಟು ತೂತು. ಹುಳಿ ಬಂದ ರಾಗಿಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷದ ಒಣಮಣ್ಣಿನಲ್ಲಿ ವಾಸನೆ ಎಲ್ಲಿ ಉಳಿದೀತು... ಆದರೂ ಬಂತು, ಅದರ ಹಿಂದೆಯೇ ನಮ್ಮ ಎದುರುಮನೆಯ ದೊಡ್ಡಮ್ಮನೂ ನೆನಪಾದಳು.

ಊರಿನ ಚರಿತ್ರೆ ಬರೆಯಲೆಂದು ಅಗೆಸುತ್ತಿದ್ದ ಮೇಷ್ಟ್ರು ತೂತಿನ ಅಂಚು ಸವರಿ, "ಮಡ್ಡಿ ಬಸಿಯೋಕೆ ಮಾಡಿರೋದು. ನಿಮ್ಮ ಹಿರಿಯರು ಎಷ್ಟು ಜಾಣರು ನೋಡಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಹೊರಗಿನವರು. ಪಕ್ಕದಲ್ಲೇ ನಿಂತು ಹೌದೌದು ಅಂತ ತಲೆಯಾಡಿಸಿದರಲ್ಲ ನಮ್ಮೂರ ಮುದುಕರು, ಅವರನ್ನು ಕಂಡು ಮೈಯೆಲ್ಲ ಉರಿಯಿತು.

ಆ ಕಾಲಕ್ಕೆ ಉರಿಗಾಂ, ಕೋರಮಂಡಲ್ ಚಿನ್ನದ ಗಣಿಯವರಿಗೆ ಇಲ್ಲಿಂದಲೇ ರಾಗಿ ಹೆಂಡ ಹೋಗುತ್ತಿತ್ತು. ಗುಡಾಣಗಳನ್ನು ಕತ್ತಿನವರೆಗೆ ನೆಲದಲ್ಲಿ ಹೂತಿದ್ದರು. ದೊಡ್ಡಮ್ಮನ ಗಂಡನಿಗೆ ಈ ಹೆಂಡದ ಮನೆಯಲ್ಲೇ ಕೆಲಸ, ಕೂಲಿಯೂ ಹೆಂಡವೇ. ಮನೆಯ ರಾಗಿಯೆಲ್ಲ ಅಲ್ಲಿಗೆ ಸಾಗಿತು. ಅವಳು ಅದನ್ನೂ ನುಂಗಿಕೊಂಡಳು. ಕೊನೆಗೆ ಬಿತ್ತನೆಗೆಂದು ಬೂದಿ ಬೆರೆಸಿ ಅಟ್ಟದ ಮೇಲಿಟ್ಟಿದ್ದ ರಾಗಿಯೂ ಹೋಯಿತು. ಅವತ್ತು ಮಟಮಟ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ಅವ್ವನಿಗೆ, "ಆರೆ ಕೊಡೇ, ಈಗ್ಲೇ ತಂದ್ಕೊಡ್ತೀನಿ" ಎಂದಳು. ಯಾಕೆ ಎಂದು ಕೇಳದೆ ಅವ್ವ ಹಾರೆ ಕೊಟ್ಟಳು.

ಮೇಲಿನಿಂದ ನೋಡಿದರೆ ಒಂದು ಗುಡಾಣವೂ ಒಡೆದಿರಲಿಲ್ಲ. ಹೆಂಡದ ಮನೆಗೆ ಹೋಗಿ ಗುಡಾಣಗಳ ಬಾಯಿಂದ ಹಾರೆ ಇಳಿಸಿ ಒಂದೊಂದರ ತಳವನ್ನೂ ಕುಟ್ಟಿ ಬಂದಿದ್ದಳು. ಸಂಜೆ ಕುಡಿಯಲು ಹೋದ ಗಂಡಸರಿಗೆ ಸಿಕ್ಕಿದ್ದು ಬರೀ ಮಡ್ಡಿ. ಎಲ್ಲರೂ ಅವಳ ಮನೆ ಮುಂದೆ ಬಂದು ಕಲ್ಲು ತೂರಿದರು. ಅವಳು ಬಾಗಿಲಲ್ಲೇ ನಿಂತು ಕೂಗಿದಳು, "ಬೂಮ್ತಾಯಿ ಕುಡುದ್ಲು ಕಣ್ರಲಾ! ಓಗಿ ಅವಳನ್ನೇ ಕೇಳ್ರಿ!"

ಮಾರನೆಯ ದಿನದಿಂದ ಊರಲ್ಲಿ ಅವಳ ಹಾಲು ಕೊಳ್ಳುವವರಿಲ್ಲ, ಬಾವಿಯಲ್ಲಿ ಅವಳ ಬಿಂದಿಗೆಗೆ ಜಾಗವಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಉರಿಗಾಂ ಕಡೆ ಹೋದಳು ಅಂದರು. ಹೋಗುವ ಮುಂಚೆ ಹಾರೆಯನ್ನು ತೊಳೆದು ನಮ್ಮ ಬಾಗಿಲಿಗೆ ಒರಗಿಸಿದ್ದಳು... ಆಮೇಲೆ ಅವಳ ಸುದ್ದಿಯಿಲ್ಲ.

ಮೊನ್ನೆ ಇದನ್ನೆಲ್ಲ ಮೇಷ್ಟ್ರಿಗೆ ಹೇಳಲು ಬಾಯಿ ತೆರೆದರೆ, ಅವತ್ತು ಮೊದಲ ಕಲ್ಲು ತೂರಿದ್ದ ಮಾವ ನನ್ನ ಕೈ ಹಿಡಿದು ಪಿಸುಗುಟ್ಟಿದ. "ಸುಮ್ನಿರಮ್ಮಾ, ಊರಿಗೊಂದು ಒಳ್ಳೇ ಎಸರು ಬತ್ತಾ ಐತೆ."

ಕೈ ಕೊಡವಿಕೊಂಡು ಮನೆಗೆ ಬಂದು ಆ ಹಾರೆ ಹೊತ್ತುಕೊಂಡು ಹೋದೆ. ಎಲ್ಲರೆದುರು ಗುಡಾಣದ ತೂತಿಗೆ ತೂರಿಸಿ, ಇದು ನಿಮ್ಮ ಜಾಣತನವಲ್ಲ, ಅವಳ ಹೊಟ್ಟೆಯುರಿ ಎಂದೆ. ಮೇಷ್ಟ್ರು ಬರೆಯುತ್ತಿದ್ದ ಕೈ ನಿಲ್ಲಿಸಿ, "ಯಾರು ಅವರು? ಈಗೆಲ್ಲಿದ್ದಾರೆ?" ಎಂದು ಕೇಳಿದರು.

ನಾನು ಮಾವನ ಕಡೆ ತಿರುಗಿದೆ. "ಹೇಳು ಮಾವ, ಎಲ್ಲಿದ್ದಾಳೆ?"