ಎದುರು ಕೈ ಇಲ್ಲದ ವ್ಯಾಪಾರ

ಬಂದಗಿಸಾಬರು ಬೆಳಗಿನ ನಮಾಜು ಮುಗಿಸಿ ಬಂದವರು ಚಹಾಕ್ಕೂ ಮೊದಲು ಒಂದು ಕೆಲಸ ಮಾಡುತ್ತಾರೆ. ಸಿಂದಗಿಯ ಹೊರಗಿನ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡಿದೆ. ಅದರ ಮುಂದೆ ಮಾರಾಟಕ್ಕೆ ಬಂದ ಹಳೆಯ ಕಾರುಗಳು ನಿಂತಿರುತ್ತವೆ, ಒಮ್ಮೆ ಐದು, ಒಮ್ಮೆ ಎಂಟು. ಅವರು ಒಂದೊಂದರೊಳಗೂ ಕೂತು, ಬಿಸ್ಮಿಲ್ಲಾ ಎಂದು ಚಾವಿ ತಿರುಗಿಸಿ, ಇಂಜಿನ್ನು ಚಾಲೂ ಆದ ಮೇಲೆ ಕೆಳಗಿಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಾರೆ. ಹನ್ನೊಂದು ಸಲ ದೇವರ ಹೆಸರು ಹೇಳಿಕೊಳ್ಳುವಷ್ಟು ಹೊತ್ತು. ಆಮೇಲೆ ಮುಂದಿನ ಕಾರು. ಜ್ವರ ಬಂದ ದಿನವೂ, ಹಬ್ಬದ ದಿನವೂ ಇದು ತಪ್ಪಿಲ್ಲ. ನಿಂತೇ ಇದ್ದರೆ ಬ್ಯಾಟರಿ ಸಾಯುತ್ತದೆ ಎಂಬುದು ಅವರು ಕೊಡುವ ಕಾರಣ. ಅವರ ಹೆಂಡತಿ ಸುಲ್ತಾನಬಿ ಮಾತ್ರ, ಯಾರಾದರೂ ಆ ಹೊತ್ತಿಗೆ ಮನೆಗೆ ಬಂದು ಕೇಳಿದರೆ, "ಗಾಡಿಗೋಳಿಗೆ ಮೇವು ಹಾಕಾಕ ಹೋಗ್ಯಾರ, ಕೂಡ್ರಿ" ಎನ್ನುತ್ತಾರೆ.

ಆ ಮಾತಿನಲ್ಲಿ ನಿಜವಿದೆ. ಬಂದಗಿಸಾಬರು ಮೂವತ್ತು ವರ್ಷ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಅವರ ತಂದೆಯೂ ಅದೇ ಕೆಲಸದವರು. ಹೊಲಕ್ಕೆ ಟ್ರ್ಯಾಕ್ಟರು ಬಂದು ಎತ್ತಿನ ವ್ಯಾಪಾರ ಕಡಿಮೆಯಾದಾಗ, ಮೊದಲು ಒಂದು ಹಳೆಯ ಜೀಪು ಮಾರಿಸಿಕೊಟ್ಟರು. ಅದು ಕೈಗೆ ಹತ್ತಿತು. ಹಳ್ಳಿಯ ಜನ ಎತ್ತು ಕೊಳ್ಳುವಾಗ ಯಾರನ್ನು ನಂಬಿದ್ದರೋ ಕಾರು ಕೊಳ್ಳುವಾಗಲೂ ಅವರನ್ನೇ ಹುಡುಕಿಕೊಂಡು ಬಂದರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮುಂದೆ ಬರುವ ಸಂಗತಿಯನ್ನು ಮೊದಲು ಸುಲ್ತಾನಬಿ ಹೇಳಿದರು, ಆಮೇಲೆ ಬಂದಗಿಸಾಬರೇ ಒಂದು ಮಧ್ಯಾಹ್ನ ಕೂತು ಪೂರ್ತಿ ಹೇಳಿದರು. ಬರೆಯಲೇ ಎಂದು ಕೇಳಿದಾಗ "ಬರೀರಿ. ರೇಟೂ ಬರೀರಿ" ಎಂದರು.

ಸಂತೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ತನ್ನ ಹೆಗಲ ಮೇಲಿನ ಬಟ್ಟೆಯನ್ನು, ಅಂದರೆ ವಲ್ಲಿಯನ್ನು, ಕೈಮೇಲೆ ಹರವಿಕೊಂಡು, ಅದರ ಕೆಳಗೆ ಮಾರುವವನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಆಮೇಲೆ ಕೊಳ್ಳುವವನ ಕೈ. ಸುತ್ತ ನಿಂತ ನೂರು ಜನರಿಗೆ ವಲ್ಲಿ ಅಲುಗಾಡಿದ್ದು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಕಷ್ಟಕ್ಕೆ ಸಿಕ್ಕು ಅಗ್ಗಕ್ಕೆ ಮಾರಿದವನ ಮಾನ ಉಳಿಯಲಿ ಎಂದು ಹಿರಿಯರು ಮಾಡಿದ್ದು ಅದು. ಹಿಡಿಯುವ ಮೊದಲ ಬೆಲೆ ಯಾವಾಗಲೂ ಹೆಚ್ಚಿನದು. ಎದುರಿನ ಕೈ ಆ ಬೆರಳುಗಳನ್ನು ಮಡಚಿ ಹಿಂದಕ್ಕೆ ತಳ್ಳುತ್ತದೆ, ದಲ್ಲಾಳಿ ಮತ್ತೆ ಹಿಡಿಯುತ್ತಾನೆ, ಹೀಗೆ ತಳ್ಳಾಡಿ ನಿಜವಾದ ಬೆಲೆಗೆ ಬಂದು ನಿಲ್ಲುತ್ತಾರೆ. ಕೊನೆಗೆ ಮಾರಿದವನಿಗೂ ಕೊಂಡವನಿಗೂ ಗೊತ್ತಾಗುವುದು ಒಂದೇ ಬೆಲೆ. ದಲ್ಲಾಳಿಯ ಕೂಲಿ ಎಷ್ಟೆಂಬುದು ಇಡೀ ಸಂತೆಗೆ ಗೊತ್ತಿರುತ್ತದೆ.

ಬಂದಗಿಸಾಬರು ಕಾರಿನ ವ್ಯಾಪಾರಕ್ಕೂ ವಲ್ಲಿಯನ್ನು ತಂದರು. ರೈತರಿಗೆ ಅದು ಹಿತವಾಯಿತು. ಹೊಸ ಕಾಲದವರು ನಗುತ್ತಿದ್ದರು.

"ಕಾಕಾ, ಮೊಬೈಲನ್ಯಾಗ ರೇಟ ಕಾಣಸ್ತೈತಿ. ನಿಮ್ಮ ವಲ್ಲ್ಯಾಗ ಏನೂ ಕಾಣಸಂಗಿಲ್ಲ."

"ಮೊಬೈಲಿಗೆ ಇಂಜಿನ್ನಿನ ಕೆಮ್ಮು ಕೇಳಸತೈತೇನು? ಕೇಳಸಿದರ ಅಲ್ಲೇ ತಗೋ ಹೋಗು."

ಆದರೆ ಸಂತೆಯಲ್ಲಿ ಇಬ್ಬರೂ ಎದುರಿಗೇ ನಿಂತಿರುತ್ತಿದ್ದರು. ಇಲ್ಲಿ ಮಾರುವವನು ಒಂದು ವಾರ ಬಂದು ಕಾರು ಬಿಟ್ಟು ಹೋಗುತ್ತಾನೆ, ಕೊಳ್ಳುವವನು ಮತ್ತೊಂದು ವಾರ ಬರುತ್ತಾನೆ. ಎರಡು ಕೈಗಳ ನಡುವೆ ಹತ್ತು ದಿನ. ಆ ಹತ್ತು ದಿನದಲ್ಲಿ ಮಾರಿದವನಿಗೊಂದು, ಕೊಂಡವನಿಗೊಂದು ಎಂದು ಎರಡು ಬೆಲೆಗಳು ಹುಟ್ಟಿಕೊಂಡವು, ನಡುವಿನದು ಬಂದಗಿಸಾಬರ ಕಿಸೆಗೆ. ಮೊದಮೊದಲು ಎರಡು ಸಾವಿರದ ವ್ಯತ್ಯಾಸ, ಆಮೇಲೆ ಐದು, ಒಂದೆರಡು ಸಲ ಹತ್ತು. "ನನಗ ದಲ್ಲಾಳಿ ಐದು ಸಾವಿರ ಅಷ್ಟ" ಎಂದು ಎರಡೂ ಕಡೆ ಹೇಳುವುದನ್ನು ಅವರು ಬಿಡಲಿಲ್ಲ. ನೆರೆಯವರಿಂದ ಬೆಲೆ ಮುಚ್ಚಲು ಇದ್ದ ಬಟ್ಟೆ, ಕೊಳ್ಳುವವರಿಂದ ಮಾರುವವರನ್ನೇ ಮುಚ್ಚುವಂತಾಯಿತು.

ಮಾಳಿಂಗಪ್ಪ ಮುದ್ದೇಬಿಹಾಳ ಕಡೆಯ ತಂಗಡಗಿಯವರು, ಕುರಿ ಸಾಕಿದ ಮನೆತನ, ಬಸ್ಸಿನ ಚಾಲಕರಾಗಿ ನಿವೃತ್ತರಾದವರು. ಬಂದಗಿಸಾಬರ ಹಳೆಯ ಗೆಳೆಯರು. ಕಣ್ಣಿನ ಪೊರೆ ಬಲಿತ ಮೇಲೆ ತಮ್ಮ ಬೂದು ಬಣ್ಣದ ವ್ಯಾಗನಾರ್ ಕಾರನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ವಲ್ಲಿಯ ಕೆಳಗೆ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಒಪ್ಪಿಗೆಯಾಯಿತು. ಇದಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ ಎಂದು ಬಂದಗಿಸಾಬರು ಹೇಳಿದಾಗ ಅವರು ಎರಡನೆಯ ಮಾತಾಡಲಿಲ್ಲ.

ಎಂಟು ದಿನಕ್ಕೆ ಇಂದ್ರಾಬಾಯಿ ಬಂದರು. ಮೋರಟಗಿಯ ಅಂಗನವಾಡಿ ಶಿಕ್ಷಕಿ. ಗಂಡ ಸಿದ್ಧರಾಮನಿಗೆ ಮೂತ್ರಪಿಂಡದ ಕಾಯಿಲೆ, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ವಿಜಯಪುರಕ್ಕೆ ಒಯ್ಯಬೇಕು. ಬಸ್ಸಿನಲ್ಲಿ ಕೂತು ಬರುವ ಶಕ್ತಿ ಅವನಿಗೆ ಹೋಗಿತ್ತು. ಅವರು ಎರಡು ತಿಂಗಳು ಡ್ರೈವಿಂಗ್ ಕಲಿತು, ಒಬ್ಬರೇ ಬಂದಿದ್ದರು. ಹಿಂದೆ ಅವರ ಮಾವನಿಗೆ ಬಂದಗಿಸಾಬರು ಒಂದು ಜೋಡಿ ಎತ್ತು ಕೊಡಿಸಿದ್ದರಂತೆ. ಆ ಎತ್ತುಗಳು ಹದಿಮೂರು ವರ್ಷ ದುಡಿದವು ಎಂದು ನೆನೆದರು.

ವ್ಯಾಗನಾರ್ ಓಡಿಸಿ ನೋಡಿ ಬಂದು, ಬೆಲೆಯ ಮಾತು ಬಂದಾಗ ಬಂದಗಿಸಾಬರ ಕೈ ತಾನಾಗಿ ವಲ್ಲಿಗೆ ಹೋಯಿತು. ಹೋಗಿ ನಿಂತಿತು. ಸಂತೆಗೆ ಹೆಂಗಸರು ಬರುವುದಿಲ್ಲ, ಬಂದರೂ ಅವರ ಪರವಾಗಿ ಅಣ್ಣನೋ ಮೈದುನನೋ ಕೈ ಕೊಡುತ್ತಾನೆ. ಪರಸ್ತ್ರೀಯ ಬೆರಳು ಹಿಡಿಯುವುದು ಹೇಗೆ?

ಇಂದ್ರಾಬಾಯಿ ಅರ್ಥ ಮಾಡಿಕೊಂಡು ನಕ್ಕರು. "ನನಗ ವಲ್ಲಿ ಬ್ಯಾಡ್ರಿ ಕಾಕಾರ. ನೀವು ಬಾಯಿಲೆ ಹೇಳ್ರಿ. ನೀವು ಹೇಳಿದ್ದ ರೇಟು."

"ಎರಡು ಇಪ್ಪತ್ತರಿ ಯವ್ವಾ."

ಅದು ಅವರ ಬಾಯಿಂದ ಬಂದದ್ದು ರೂಢಿಯಿಂದ. ಮೊದಲ ಬೆಲೆ ಹೆಚ್ಚೇ ಇರಬೇಕು, ಎದುರಿನವರು ಬೆರಳು ಮಡಚುತ್ತಾರೆ, ಒಂದು ಎಂಬತ್ತು, ಒಂದು ಎಂಬತ್ತೈದಕ್ಕೆ ಬಂದು ನಿಲ್ಲುತ್ತದೆ ಎಂದು ಮೂವತ್ತು ವರ್ಷ ಕಲಿತ ಕೈ ಹೇಳಿಸಿದ ಮಾತು. ಆದರೆ ತಳ್ಳುವ ಕೈ ಅಲ್ಲಿರಲಿಲ್ಲ. ಇಂದ್ರಾಬಾಯಿ ಚೀಲದ ಜಿಪ್ಪು ತೆಗೆದು ನೋಟಿನ ಕಟ್ಟುಗಳನ್ನು ಮೇಜಿನ ಮೇಲೆ ಇಟ್ಟರು. ಎರಡು ಲಕ್ಷ ಇಪ್ಪತ್ತು ಸಾವಿರ.

ಆಗ ಒಂದು ಕ್ಷಣ ಇತ್ತು ಎಂದು ಬಂದಗಿಸಾಬರು ಹೇಳುತ್ತಾರೆ. ತಪ್ಪಿ ಹೇಳಿದೆ ಯವ್ವಾ, ಇಷ್ಟಲ್ಲ ಎನ್ನಬಹುದಾದ ಕ್ಷಣ. ಅವರು ಕೆಮ್ಮಿದರು, ನೀರು ಕುಡಿದರು. ಅಷ್ಟರಲ್ಲಿ ಇಂದ್ರಾಬಾಯಿಯೇ ಕೇಳಿದರು.

"ಮಾಲಕರಿಗೆ ಏನೂ ಕಡಿಮಿ ಆಗಾಂಗಿಲ್ಲಲ್ರಿ? ಅವರೂ ಅಡಚಣಿಗೆ ಮಾರಿರತಾರ."

"ಇಲ್ರಿ ಯವ್ವಾ. ಅವರಿಗೂ ಬರೋಬ್ಬರಿ ಮುಟ್ಟತೈತಿ. ನನಗ ಐದು ಸಾವಿರ ದಲ್ಲಾಳಿ ಅಷ್ಟ."

ಮೊದಲನೆಯದು ಬಾಯಿ ತಪ್ಪಿ ಬಂದದ್ದು ಎನ್ನಬಹುದು. ಈ ಎರಡನೆಯದನ್ನು ತಿಳಿದೇ ಹೇಳಿದ್ದು. ಹಾಗೆಂದು ಅವರೇ ಹೇಳಿದರು, ನಾನು ಸೇರಿಸಿದ್ದಲ್ಲ.

ಮಾಳಿಂಗಪ್ಪನದನ್ನು ಮಾಳಿಂಗಪ್ಪನಿಗೆ ಮುಟ್ಟಿಸಿ ಉಳಿದ ಐವತ್ತು ಸಾವಿರವನ್ನು ಅವರು ಖರ್ಚು ಮಾಡಲಿಲ್ಲ. ಕಪಾಟಿನ ಮೇಲಿನ ಅರೆಯಲ್ಲಿ ಕಾಗದದಲ್ಲಿ ಸುತ್ತಿಟ್ಟರು. ಕೊಟ್ಟುಬಿಡೋಣ, ಆದರೆ ಏನೆಂದು ಹೇಳಿ ಕೊಡುವುದು? ಈ ಪ್ರಶ್ನೆಯಲ್ಲೇ ಒಂದು ವಾರ ಹೋಯಿತು. ಊಟಕ್ಕೆ ಕೂತರೆ ರೊಟ್ಟಿ ಮುರಿದು ಹಾಗೇ ಇಡುತ್ತಿದ್ದರು.

"ಯಾಕ, ಪಲ್ಯಾ ಸೇರವಲ್ದೇನು?" ಎಂದು ಸುಲ್ತಾನಬಿ ಕೇಳಿದರು.

"ಹಸಿವಿಲ್ಲ."

"ವಾರಾತು ಹಸಿವಿಲ್ಲ. ಮತ್ತ ಯಾವದರ ಗಾಡಿ ಗಂಟಬಿದ್ದೈತೇನು ಹೊಟ್ಟ್ಯಾಗ?"

ಅವರು ತಟ್ಟೆ ಸರಿಸಿ ಎದ್ದರು.

ಅದರ ಮರುದಿನ ಮೋರಟಗಿಯಿಂದ ಗಂಡಹೆಂಡತಿ ಇಬ್ಬರು ಶೆಡ್ಡಿಗೆ ಬಂದರು. ತರಕಾರಿ ಸಾಗಿಸಲು ಸಣ್ಣ ಗಾಡಿ ಬೇಕಾಗಿತ್ತು. ಬಂದಗಿಸಾಬರು ವಲ್ಲಿ ಹರವಲು ಹೋದರೆ ಆ ಮನುಷ್ಯ ಕೈಯನ್ನೇ ಮುಂದೆ ಮಾಡಲಿಲ್ಲ. "ಅದೆಲ್ಲ ಬ್ಯಾಡ್ರಿ. ಇಂದ್ರಾಬಾಯಿ ಟೀಚರಿಗೆ ಹೇಳಿದಂಗ ನಮಗೂ ಒಂದ ಮಾತು ಹೇಳಿಬಿಡ್ರಿ. ಬಂದಗಿಸಾಬ ಕಾಕಾ ಒಂದ ಮಾತಿನ ಮನಷ್ಯಾ ಅಂತ ಊರಿಗೆಲ್ಲ ಹೇಳ್ಯಾರ ಅವರು."

ಆ ದಿನ ಬಂದಗಿಸಾಬರು ಯಾವ ಬೆಲೆಯನ್ನೂ ಹೇಳದೆ, ಮೈ ಸರಿಯಿಲ್ಲ, ಮುಂದಿನ ವಾರ ಬನ್ನಿ ಎಂದು ಕಳಿಸಿದರು. ಮಧ್ಯಾಹ್ನದ ನಮಾಜಿಗೆ ಹೋಗಿ ಮುಂದಿನ ಸಾಲು ಬಿಟ್ಟು ಕೊನೆಯಲ್ಲಿ ನಿಂತರು. ಕಾರಿನ ಬೆಲೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಪಕ್ಕದವನ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಅಂದು ಕಷ್ಟವಾಯಿತು ಎಂದರು.

ಸಂಜೆ ಮಾಳಿಂಗಪ್ಪ ಫೋನು ಮಾಡಿದರು.

"ಬಂದಗಿ, ಗಾಡಿ ಇಂದ್ರಾಬಾಯಿ ಹೆಸರಿಗೆ ಆಗಬೇಕಲ್ಲ, ಅದರ ಓಟಿಪಿ ನಂಬರು ನನ್ನ ಫೋನಿಗೆ ಬರತೈತಂತ. ಗುರುವಾರ ನಾ ಹೆಂಗೂ ಕಣ್ಣ ತೋರಸಾಕ ವಿಜಯಪುರಕ್ಕ ಹೊಂಟೇನಿ. ಆರ್‌ಟಿಓ ಕಡೆ ಆ ಬಾಯಾರನ್ನ ಭೆಟ್ಟಿ ಆಗತೇನಿ."

"ನೀ ಯಾಕ ಅಷ್ಟ ತ್ರಾಸ ತಗೋತಿ? ಫೋನಿನ್ಯಾಗ ಹೇಳಿದರ ಆತು."

"ತ್ರಾಸ ಏನ ಬಂತು. ಎರಡನೇ ಚಾವಿ ನನ್ನ ಕಡೆ ಐತಿ. ಅದು ಮುಂಜಾನೆ ಥಂಡ್ಯಾಗ ಎರಡನೇ ಗೇರಿಗೆ ಸಿಟ್ಟ ಮಾಡತೈತಿ, ಅದನ್ನೂ ಹೇಳಬೇಕು. ಮಗಳನ ಕೊಟ್ಟಂಗ ಆಗೈತಿ ನನಗ."

ಮಾಳಿಂಗಪ್ಪ ಮಾತುಗಾರ. ಐದು ನಿಮಿಷ ಸಿಕ್ಕರೂ ಒಂದು ಎಪ್ಪತ್ತಕ್ಕೆ ಮಾರಿದೆ ಎಂದು ಹೇಳುವುದು ಖಂಡಿತ. ಇಂದ್ರಾಬಾಯಿ ಎರಡು ಇಪ್ಪತ್ತು ಎನ್ನುವುದೂ ಖಂಡಿತ. ಗುರುವಾರಕ್ಕೆ ಮೂರು ದಿನ ಉಳಿದಿತ್ತು. ಬಂದಗಿಸಾಬರು ಆ ಮೂರರಲ್ಲಿ ಎರಡು ದಿನ ಕಳೆದರು. ಮೋರಟಗಿಗೆ ಹೋಗುವ ಬಸ್ಸು ಶೆಡ್ಡಿನ ಮುಂದೆಯೇ ಹೋಗುತ್ತಿತ್ತು. ಅವರು ಏಳಲಿಲ್ಲ.

ಬುಧವಾರ ಎದ್ದವರು ತಾಳಿಕೋಟೆಯ ಬಸ್ಸು ಹತ್ತಿದರು. ಅಲ್ಲಿಂದ ಮುದ್ದೇಬಿಹಾಳ, ಅಲ್ಲಿಂದ ತಂಗಡಗಿ. ದಾರಿಯುದ್ದಕ್ಕೂ ಒಂದೇ ಮಾತನ್ನು ಜೋಡಿಸಿಕೊಂಡರು: ಮಾಳಿಂಗಪ್ಪಾ, ಆಕೆ ಕೇಳಿದರೆ ಎರಡು ಹದಿನೈದು ಮುಟ್ಟಿದೆ ಎನ್ನು, ನಿನ್ನ ಪಾಲು ನಿನಗೆ ಕೊಡುತ್ತೇನೆ. ಜೋಡಿಸಿದ ಪ್ರತಿ ಸಲವೂ ಕಿಟಕಿಯ ಕಡೆ ಮುಖ ತಿರುಗಿಸಿದೆ ಎಂದು ಹೇಳಿದರು. ಪಕ್ಕದಲ್ಲಿ ಕೂತ ಮುದುಕಿಗೆ ಕೇಳಿಸಿತೇನೋ ಎನಿಸುತ್ತಿತ್ತಂತೆ.

ಮಾಳಿಂಗಪ್ಪನ ಮನೆ ಹೊಳೆಯ ಕಡೆಗಿನ ಓಣಿಯಲ್ಲಿ. ಅವರು ಕಟ್ಟೆಯ ಮೇಲೆ ಕೂತು ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದರು.

"ಬಾರಪಾ ಬಾ. ಫೋನಿನ್ಯಾಗ ಹೇಳಿದರ ಆತು ಅಂದಾವ ಇವತ್ತ ಇಲ್ಲೀತನ ಬಂದಿ ಅಂದ್ರ, ನನ್ನ ನೋಡಾಕ ಬಂದಿಲ್ಲ ಬಿಡು. ಏನ ಕೆಲಸ?"

"ಕೆಲಸ ಐತಿ."

"ಚಾ ಕುಡದು ಹೇಳ್ತಿಯೋ, ಹೇಳಿ ಕುಡಿತಿಯೋ?"

ಬಂದಗಿಸಾಬರು ಕಟ್ಟೆಯ ಅಂಚಿಗೆ ಕೂತರು. ಚಹಾ ಬಂತು. ಮುಟ್ಟಲಿಲ್ಲ. ಮಾಳಿಂಗಪ್ಪ ಮರಿಯನ್ನು ಕೆಳಗಿಳಿಸಿ, ತಾವೇ ಕೇಳಿದರು.

"ಆಕಿಗೆ ಎಷ್ಟಕ್ಕ ಕೊಟ್ಟಿ?"

ಈ ಪ್ರಶ್ನೆ ಹೀಗೆ ನೇರವಾಗಿ ಬರುತ್ತದೆಂದು ಅವರು ಎಣಿಸಿರಲಿಲ್ಲ. "ಎರಡು ಇಪ್ಪತ್ತು" ಎಂದರು.

ಮಾಳಿಂಗಪ್ಪ ಪೊರೆ ಬಂದ ಕಣ್ಣು ಸಣ್ಣದು ಮಾಡಿ ಗೆಳೆಯನ ಮುಖವನ್ನೇ ನೋಡಿದರು.

"ನನ್ನ ಕೈ ಹಿಡದು, ಒಂದು ಎಪ್ಪತ್ತಕ್ಕಿಂತ ಮ್ಯಾಲ ಆಗಂಗಿಲ್ಲ ಅಂದಿದ್ದಿ."

"ಅಂದಿದ್ನಿ."

"ಆಕಿ ಗಂಡಗ ಮೈಯಾಗ ಹುಷಾರಿಲ್ಲ ಅಂತ ನೀನ ಹೇಳಿದ್ದಿ."

"ಗೊತ್ತಿದ್ದ ತಗೊಂಡೇನಿ."

ಒಳಗಿನಿಂದ ಮಾಳಿಂಗಪ್ಪನ ಸೊಸೆ ಬಂದು ಚಹಾ ತಣ್ಣಗಾಯಿತೆಂದು ಬಟ್ಟಲು ಒಯ್ದಳು. ಬೈದಿದ್ದರೆ ಹಗುರಾಗುತ್ತಿತ್ತು, ಅವ ಬೈಯಲಿಲ್ಲ ಎಂದು ಬಂದಗಿಸಾಬರು ನನಗೆ ಎರಡು ಸಲ ಹೇಳಿದರು.

ಕೊನೆಗೆ ಮಾಳಿಂಗಪ್ಪನೇ ಅವರ ಮೊಣಕಾಲ ಮೇಲೆ ಕೈಯಿಟ್ಟರು.

"ಆತ ಬಿಡು. ಮನಷ್ಯಾ ಅಂದಮ್ಯಾಲ ಒಮ್ಮೆ ಕಾಲ ಜಾರತೈತಿ. ನಾಳೆ ಆಕಿ ಕೇಳಿದರ ನನಗ ಎರಡು ಹದಿನೈದು ಮುಟ್ಯಾವು ಅಂತೇನಿ. ನಲವತ್ತ ವರ್ಷದ ದೋಸ್ತಿ, ಇಷ್ಟ ಮಾಡಲಿಲ್ಲಂದ್ರ ಹೆಂಗ? ನನಗ ರೊಕ್ಕ ಬ್ಯಾಡ. ಆಕಿಗೆ ಮುಂದ ಯಾವಾಗರ ಬ್ಯಾರೆ ರೀತಿಲೆ ಕೊಟ್ಟ ಬಿಡು. ನಿನ್ನ ಹೆಸರ ಉಳೀತೈತಿ."

ಕೇಳಲು ಬಂದದ್ದು ಇದನ್ನೇ. ಕೇಳುವ ಮೊದಲೇ ಕೈಗೆ ಬಂದಿತ್ತು, ಅದೂ ಪಾಲು ಕೇಳದೆ. ಬಂದಗಿಸಾಬರು ತಲೆ ತಗ್ಗಿಸಿ ನೆಲದ ಮೇಲಿನ ಕುರಿಮರಿಯ ಹೆಜ್ಜೆಗಳನ್ನು ನೋಡುತ್ತ ಕೂತರು. ಗೆಳೆಯನ ಕೈಯನ್ನು ಮೊಣಕಾಲಿನಿಂದ ಎತ್ತಿ ಮೆಲ್ಲಗೆ ಅವರ ಕಡೆಗೇ ಇಟ್ಟರು.

"ಬ್ಯಾಡ."

"ಯಾಕ? ನಾ ಹೇಳಿದರ ಆಕಿ ನಂಬತಾಳ."

"ನಂಬತಾಳ, ಅದಕ್ಕ ಬ್ಯಾಡ ಅಂತೇನಿ. ನಾಳೆ ನಾನೂ ಬರ್ತೇನಿ, ಆಕಿ ರೊಕ್ಕಾನೂ ತರ್ತೇನಿ. ನನ್ನ ಮುಂದ ಕೂಡ್ರಿಸಿಕೊಂಡು, ನೀ ಎಷ್ಟಕ್ಕ ಮಾರಿದಿ ಅಷ್ಟನ್ನ ಆಕಿಗೆ ಹೇಳು."