ಮಗುವಿಗಾಗಿ ಬಿಟ್ಟ ಕಾಫಿ, ನನಗೆ ಬಂದ ಬಲ

ಮಗಳು ಸಿಂಧುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ, ಅಂದರೆ 1999ರ ಕೊನೆಯಲ್ಲಿ, ನನ್ನ ಮೈಗೆ ಏನೋ ಆಯಿತು. ಏನೆಂದು ಹೇಳಲು ಬರುತ್ತಿರಲಿಲ್ಲ. ಜ್ವರವಿಲ್ಲ, ನೋವಿಲ್ಲ, ತೋರಿಸಲು ಒಂದು ಗಾಯವಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ರಾಗಿ ಮೂಟೆ ಹೊತ್ತು ಬಂದವಳಂತಿರುತ್ತಿದ್ದೆ. ಬಾಚಣಿಗೆಯ ತುಂಬ ಕೂದಲು. ಏಪ್ರಿಲ್ ಬಿಸಿಲಲ್ಲೂ ಕೈಕಾಲು ತಣ್ಣಗೆ.

ನಮ್ಮದು ಗುಬ್ಬಿ. ನನ್ನ ಯಜಮಾನರು ಶಿವಣ್ಣ ಟೈಲರ್. ನಾನು ದಿನವೂ ಬಸ್ಸಿನಲ್ಲಿ ತುಮಕೂರಿನ ಸತ್ಯಮಂಗಲಕ್ಕೆ ಹೋಗಿ, ಮೋಟಾರಿಗೆ ತಾಮ್ರದ ತಂತಿ ಸುತ್ತುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ. ಸುತ್ತು ಎಣಿಸುವುದೇ ಆ ಕೆಲಸದ ಜೀವ. ನನಗೆ ಎಣಿಕೆ ತಪ್ಪತೊಡಗಿತು. ನಲವತ್ತರವರೆಗೆ ಬಂದು, ನಲವತ್ತೋ ಐವತ್ತೋ ಎಂದು ನಿಂತುಬಿಡುತ್ತಿದ್ದೆ.

"ಏನ್ ಜಯಮ್ಮ, ಕೆಲ್ಸಕ್ ಬರ್ತೀರೋ ನಿದ್ದೆ ಮಾಡಕ್ ಬರ್ತೀರೋ?" ಎಂದು ಸೂಪರ್‌ವೈಸರ್ ಎಲ್ಲರೆದುರು ಕೇಳಿದರು. ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರು. ಅಕ್ಕಪಕ್ಕದವರು ಸೋಮಾರಿ ಎಂದರು. ನನಗೂ ಹಾಗೇ ಅನ್ನಿಸತೊಡಗಿತ್ತು.

ಹಾಗೆ ಅನ್ನದವರು ಒಬ್ಬರೇ, ನಮ್ಮತ್ತೆ ಪುಟ್ಟಮ್ಮ. "ನನ್ ಸೊಸೆ ಮೈಗಳ್ಳಿ ಅಲ್ಲ ಕಣ್ರೇ, ಅವ್ಳ್ ಮೈನಾಗೆ ಏನೋ ಸೇರ್ಕಂಡದೆ" ಎಂದು ನನ್ನನ್ನು ಎಳೆದುಕೊಂಡು ತುಮಕೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದರು. ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್ ಎಂದರು. ಕತ್ತಿನಲ್ಲಿರುವ ಆ ಗ್ರಂಥಿಯನ್ನು ನನ್ನ ಮೈಯ ರಕ್ಷಣಾ ಶಕ್ತಿಯೇ ವೈರಿ ಎಂದು ತಿಳಿದು ಹಾಳುಮಾಡುತ್ತಿದೆಯಂತೆ. "ಕಾವಲುನಾಯಿ ಮನೆಯವ್ರನ್ನೇ ಕಚ್ಚಿದಂಗೆ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಜೀವಮಾನವಿಡೀ ಮಾತ್ರೆ ತೆಗೆದುಕೊಳ್ಳಬೇಕು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಮುಖ ಬಿಳಿಚಿದೆ ಎಂದು ಕಬ್ಬಿಣಾಂಶದ ಮಾತ್ರೆಯನ್ನೂ ಬರೆದರು. ಅದನ್ನು ಮಧ್ಯಾಹ್ನ ಬೇರೆಯಾಗಿ ನುಂಗಬೇಕೆಂದೂ ಹೇಳಿದರು. ಅದು ವಾಕರಿಕೆ ತರಿಸಿತು. ಒಂದು ತಿಂಗಳಿಗೇ ಬಿಟ್ಟೆ. ಬಿಟ್ಟೆನೆಂದು ಹೇಳಲಿಲ್ಲ.

ಥೈರಾಯ್ಡ್ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಐದೂವರೆಗೆ ಅತ್ತೆ ದೊಡ್ಡ ಲೋಟದ ತುಂಬ ಡಿಕಾಕ್ಷನ್ ಕಾಫಿ ತಂದು, "ತಗಾ, ಬಿಸಿಬಿಸೀದ್ರಲ್ಲೇ ಗುಳಿಗೆ ನುಂಗ್ಬುಡು" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಕಾಫಿ ಊಟದ ಲೆಕ್ಕಕ್ಕಿಲ್ಲ. ತಿಂಡಿ ತಿಂದಿಲ್ಲವೆಂದರೆ ಹೊಟ್ಟೆ ಖಾಲಿ, ಅಷ್ಟೇ. ಆ ಲೋಟದ ಮೇಲೆ ಇನ್ನೆರಡು ಲೋಟ ಕುಡಿದೇ ನಾನು ಬಸ್ ಹತ್ತುತ್ತಿದ್ದೆ. ನಿಂತುಕೊಳ್ಳುವ ಶಕ್ತಿ ಕೊಡುತ್ತಿದ್ದುದೇ ಅದು ಎಂದು ನಂಬಿದ್ದೆ.

ಮೂರು ವರ್ಷ ಕಳೆಯಿತು. ಡಾಕ್ಟರಮ್ಮ ಮೂರು ಸಲ ಡೋಸ್ ಏರಿಸಿದರು. "ದಿನಾ ತಗೋತಿದೀರಾ? ಖಾಲಿ ಹೊಟ್ಟೇಲೇ ತಾನೆ?" ಎಂದು ಕೇಳುತ್ತಿದ್ದರು. "ಹೂಂ ಮೇಡಂ" ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

2003ರ ಬೇಸಿಗೆ ರಜೆಯಲ್ಲಿ ಸಿಂಧುವನ್ನು ಕರೆದುಕೊಂಡು ಕುಣಿಗಲ್ಲಿನ ತವರಿಗೆ ಹೊರಟೆ. ಗುಬ್ಬಿಯಿಂದ ತುಮಕೂರಿಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಮಧ್ಯಾಹ್ನ ಹನ್ನೆರಡರ ಹೊತ್ತು. ಕುಣಿಗಲ್ ಬಸ್ ಇನ್ನೂ ಬಂದಿರಲಿಲ್ಲ. ಮಗಳ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದೆ. ಒಂದೇ ನಿಮಿಷ ಎಂದುಕೊಂಡಿದ್ದೆ.

ಕಣ್ಣು ಬಿಟ್ಟಾಗ ಕೈಯಲ್ಲಿ ಕೈ ಇರಲಿಲ್ಲ. ಗಡಿಯಾರದಲ್ಲಿ ಒಂದು ಗಂಟೆಯಾಗಿತ್ತು.

ಎಲ್ಲೆಲ್ಲಿ ಓಡಿದೆನೋ ನೆನಪಿಲ್ಲ. ಶೌಚಾಲಯ, ಪುಸ್ತಕದ ಅಂಗಡಿ, ಹಣ್ಣಿನ ಗಾಡಿಗಳು, ಹೊರಗಿನ ಆಟೋ ಸಾಲು. "ಹಳದಿ ಫ್ರಾಕು, ಎರಡು ಜಡೆ" ಎಂದು ಸಿಕ್ಕಸಿಕ್ಕವರನ್ನು ಕೇಳಿದೆ. ಹಣ್ಣು ಮಾರುತ್ತಿದ್ದ ಹೆಂಗಸು, "ಆಗ್ಲಿಂದ ನೋಡ್ತಾ ಇವ್ನಿ, ಆ ಮಗ ನಿನ್ನ ಅಲ್ಲಾಡ್ಸಿ ಅಲ್ಲಾಡ್ಸಿ ಎಬ್ಬುಸ್ತಿತ್ತು ಕಣಮ್ಮ. ನೀನು ಏಳ್ಲೇ ಇಲ್ಲ" ಎಂದಳು.

ಅಲ್ಲೇ ಒಂದು ಕಂಬ ಹಿಡಿದು ಕುಳಿತೆ. ನಮ್ಮ ಮನೆದೇವರು ನಿಟ್ಟೂರಿನ ಹತ್ತಿರ ಬನದಲ್ಲಿರುವ ಚೌಡಮ್ಮ. ಹೆಂಚಿನ ಗುಡಿ, ಸಣ್ಣ ಕಲ್ಲು, ಹಣೆಯ ತುಂಬ ಕುಂಕುಮ. ಆ ಮುಖವನ್ನು ಕಣ್ಣ ಮುಂದೆ ತಂದುಕೊಂಡು ಬಾಯಿಬಿಟ್ಟೇ ಹೇಳಿದೆ: "ತಾಯಿ, ನನ್ ಮಗೂನ ಕೊಡು. ನಿಂಗೆ ಕೊಡಕ್ಕೆ ನನ್ ಹತ್ರ ಏನೂ ಇಲ್ಲ. ನಾನ್ ಬಿಟ್ಟಿರಕ್ಕೆ ಆಗ್ದೇ ಇರೋದು ಅಂದ್ರೆ ಕಾಫಿ ಒಂದೇ. ಬಿಟ್ಟೆ ಕಣಮ್ಮ, ಇವತ್ಗೇ ಬಿಟ್ಟೆ."

ಸೀರೆಯದೋ ಚಿನ್ನದ ಬೊಟ್ಟಿನದೋ ಹರಕೆ ಹೊರುವವರ ನಡುವೆ ಕಾಫಿಯೇ ಯಾಕೆ ನನ್ನ ನಾಲಿಗೆಗೆ ಬಂತು? ಇವತ್ತು ನನಗೆ ಅದರಲ್ಲಿ ಸಂಶಯವೇ ಇಲ್ಲ. ಅವಳೇ ಆಡಿಸಿದ ಮಾತು ಅದು.

ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಕುಣಿಗಲ್ ದಾರಿಯ ಹೆಬ್ಬೂರಿನಿಂದ ಒಬ್ಬ ಕಂಡಕ್ಟರ್ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದರು. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದ ಸಿಂಧು, ಬೋರ್ಡಿನ ಮೇಲೆ ಕುಣಿಗಲ್ ಎಂದು ಓದಿ, ಅಮ್ಮ ಏಳಲಿಲ್ಲವೆಂದು ತಾನೇ ಹತ್ತಿ ನನಗೂ ಸೀಟು ಹಿಡಿದು ಕುಳಿತಿದ್ದಳಂತೆ. ಬಸ್ಸು ಹೊರಟುಬಿಟ್ಟಿತ್ತು. ಟಿಕೆಟ್ ಕೇಳಿದಾಗಲೇ ವಿಷಯ ಗೊತ್ತಾದದ್ದು. ಎದುರಿನಿಂದ ಬಂದ ಬಸ್ಸಿನಲ್ಲಿ ಅವಳನ್ನು ವಾಪಸ್ ಕಳಿಸಿದರು. ಇಳಿದವಳೇ ನನ್ನನ್ನು ಬೈದಳು: "ನಿಂಗ್ ಸೀಟ್ ಇಟ್ಕೊಂಡಿದ್ದೆ. ನೀನ್ಯಾಕೆ ಬರ್ಲಿಲ್ಲ?"

ಮನೆಗೆ ಬಂದು ಹರಕೆಯ ವಿಷಯ ಹೇಳಿದಾಗ ಅತ್ತೆಯ ಮುಖ ಚಿಕ್ಕದಾಯಿತು. "ನಾ ಕೊಡಾ ಕಾಫೀನ ಬುಟ್ಬುಟ್ಟೆ?" ಎಂದರು. ಆಮೇಲೆ, "ದೇವ್ರಿಗ್ ಆಡಿದ್ ಮಾತು, ನಡುಸ್ಕೊ" ಎಂದರು. ಮಾರನೆಯ ಬೆಳಿಗ್ಗೆ ಅದೇ ಲೋಟದಲ್ಲಿ ನೀರು ತಂದರು. ಮನೆಯಲ್ಲಿ ಕಾಫಿಯ ವಾಸನೆಯೇ ನಿಂತುಹೋಯಿತು. ಅವರೂ ಬಿಟ್ಟರೆಂದು ನಾನು ಎರಡು ವಾರ ನಂಬಿದ್ದೆ. ಎದುರುಮನೆಯವಳು ನಗುತ್ತಾ, "ನಿಮ್ಮತ್ತೆ ದಿನಾ ನಮ್ ಹಿತ್ಲಲ್ಲಿ ನಿಂತು ಕುಡ್ದು ಬಾಯ್ ತೊಳ್ಕೊಂಡ್ ಬರ್ತಾರೆ" ಎಂದಾಗಲೇ ಗೊತ್ತಾದದ್ದು.

ಮೊದಲ ವಾರ ತಲೆ ಸಿಡಿಯಿತು. ಆಮೇಲೆ ಅದು ಹೋಯಿತು. ಆದರೆ ಎರಡು ತಿಂಗಳಾಗುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು, ಕೈ ನಡುಗಿತು, ತಣ್ಣಗಿರುತ್ತಿದ್ದ ಮೈ ಬೆವರಿತು. ಹೊಸ ಕಾಯಿಲೆಯೆಂದು ಹೆದರಿ ಓಡಿದೆ. ಡಾಕ್ಟರಮ್ಮ ಥೈರಾಯ್ಡ್ ರಿಪೋರ್ಟ್ ನೋಡಿ ಕನ್ನಡಕ ತೆಗೆದರು.

"ಮೂರು ವರ್ಷದಿಂದ ಸಾಲದೆ ಇದ್ದ ಡೋಸು ಈಗ ಜಾಸ್ತಿ ಆಗಿದೆ. ಏನ್ ಬದಲಾಯಿಸಿದ್ರಿ ನೀವು?"

"ಏನೂ ಇಲ್ಲ ಮೇಡಂ."

"ಏನೋ ಇರ್ಲೇಬೇಕು. ಯೋಚ್ನೆ ಮಾಡಿ ಹೇಳಿ."

ನಾಚಿಕೊಂಡು ಹರಕೆಯ ಕಥೆ ಹೇಳಿದೆ. ಅವರು ನಗಲಿಲ್ಲ. "ಮಾತ್ರೇನ ಕಾಫೀಲಿ ನುಂಗ್ತಿದ್ರಾ? ಮೂರು ವರ್ಷ?" ಎಂದು ಎರಡೆರಡು ಸಲ ಕೇಳಿದರು. ಕಾಫಿಯ ಜೊತೆ ಹೋದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ತಕ್ಷಣ ಡೋಸ್ ಇಳಿಸಿದರು. "ಈಗ ಸುಸ್ತು ಹೋಯ್ತಾ?" ಎಂದರು. ಪೂರ್ತಿ ಹೋಗಿರಲಿಲ್ಲ, ಕೂದಲು ಉದುರುವುದೂ ನಿಂತಿರಲಿಲ್ಲ. ಆಗ ಅವರು ಸ್ವಲ್ಪ ಯೋಚಿಸಿ, "ಕಾಫಿ ಕಬ್ಬಿಣಾಂಶಾನೂ ತಡೆಯತ್ತೆ. ಇನ್ನೊಂದು ಟೆಸ್ಟ್ ಮಾಡ್ಸೋಣ" ಎಂದು ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಅಳೆಯುವ ಫೆರಿಟಿನ್ ಎಂದು ಬರೆದರು. ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಫಲಿತಾಂಶ ಆರು ಎಂದು ಬಂತು, ತೀರಾ ಕಡಿಮೆಯಂತೆ.

"ಜಯಮ್ಮ, ನಿಮ್ಮ ಹಿಮೋಗ್ಲೋಬಿನ್ ನೋಡಿ ಪರವಾಗಿಲ್ಲ ಅಂದ್ಕೊಂಡಿದ್ವಿ. ಅದು ಅಡುಗೆಮನೆ ಡಬ್ಬೀಲಿರೋ ಹಿಟ್ಟಿನ ಥರ. ಇದು ಕಣಜ. ಡಬ್ಬೀಲಿ ಹಿಟ್ಟಿದೆ, ಕಣಜ ಬರಿದಾಗಿದೆ." ಥೈರಾಯ್ಡ್ ಗ್ರಂಥಿ ಕೆಲಸ ಮಾಡಲು ಕಬ್ಬಿಣಾಂಶ ಬೇಕಂತೆ. ಥೈರಾಯ್ಡ್ ಸೋತರೆ ಕಬ್ಬಿಣಾಂಶ ಹೀರಿಕೊಳ್ಳುವ ಶಕ್ತಿಯೂ ಕುಗ್ಗಬಹುದಂತೆ. ನನ್ನಲ್ಲಿ ಎರಡೂ ಒಂದನ್ನೊಂದು ಕೆಳಗೆಳೆಯುತ್ತಾ ಕೂತಿದ್ದವು. ಅವತ್ತೇ ಹಳೆಯ ಕಬ್ಬಿಣಾಂಶದ ಮಾತ್ರೆ ಬಿಟ್ಟದ್ದನ್ನೂ ಒಪ್ಪಿಕೊಂಡೆ. ಬೈಸಿಕೊಂಡೆ.

ಈ ಸಲ ಬೇರೆ ಮಾತ್ರೆ ಕೊಟ್ಟರು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಬರೀ ನೀರಿನಲ್ಲಿ. ಕಬ್ಬಿಣಾಂಶದ್ದು ಕಡಿಮೆಯೆಂದರೂ ನಾಲ್ಕು ಗಂಟೆ ಬಿಟ್ಟು, ನಿಂಬೆ ಪಾನಕದ ಜೊತೆ. ಅತ್ತೆ ದಿನವೂ ಊಟದ ಡಬ್ಬಿಯ ಪಕ್ಕ ಸಣ್ಣ ಬಾಟಲಿಯಲ್ಲಿ ಪಾನಕ ಇಟ್ಟುಕೊಟ್ಟರು. ಸಂಜೆ ಬಾಟಲಿ ಖಾಲಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡುತ್ತಿದ್ದರು. ಹೊಟ್ಟೆ ತೊಳಸಿದ ದಿನಗಳಿದ್ದವು. ಬಿಟ್ಟುಬಿಡುತ್ತೇನೆ ಎಂದಾಗ, "ಅಮ್ಮ ದಾರಿ ತೋರ್ಸವ್ಳೆ, ನಡಿಯಕ್ಕೂ ಅವ್ಳೇ ಬರ್ಬೇಕೇನೇ?" ಎಂದು ಗದರಿದರು.

ಎಂಟು ತಿಂಗಳಾಯಿತು. ಒಂದು ದಿನ ಗುಬ್ಬಿ ಬಸ್ಸಿನಲ್ಲಿ ಸೀಟು ಸಿಗದೆ ನಿಂತುಕೊಂಡು ಬಂದೆ. ಮನೆ ತಲುಪಿ ಸೊಪ್ಪು ಬಿಡಿಸಿ, ಮಗಳಿಗೆ ಮಗ್ಗಿ ಹೇಳಿಕೊಡುತ್ತಾ ಕೂತಾಗಲೇ ನನಗೆ ಸುಸ್ತಾಗಿಲ್ಲ ಎಂಬುದು ಹೊಳೆದದ್ದು. ಕೂದಲು ಬೆರಳುದ್ದ ಹೊಸದಾಗಿ ಎದ್ದು ಹಣೆಯ ಮೇಲೆ ನಿಂತಿತ್ತು. ಕಣಜ ಅರ್ಧ ತುಂಬಿದೆ ಎಂದರು ಡಾಕ್ಟರಮ್ಮ. ಕಾರ್ಖಾನೆಯಲ್ಲಿ ನನ್ನನ್ನು ಮತ್ತೆ ತಂತಿ ಸುತ್ತುವ ಮೇಜಿಗೆ ಕೂರಿಸಿದರು. ಮೊದಲ ದಿನ ಒಂದು ಸುತ್ತೂ ತಪ್ಪಲಿಲ್ಲ.

ಇದೆಲ್ಲ ವಿಜ್ಞಾನ, ಇದರಲ್ಲಿ ದೇವರೆಲ್ಲಿ ಬಂತು ಎಂದು ಯಜಮಾನರ ಸ್ನೇಹಿತರೊಬ್ಬರು ಕೇಳಿದರು. ವಿಜ್ಞಾನ ಹೌದು. ಖಾಲಿ ಹೊಟ್ಟೆ ಎಂದು ಡಾಕ್ಟರಮ್ಮ ಮೂರು ವರ್ಷ ಹೇಳಿದ್ದರು, ನನ್ನ ತಲೆಗೆ ಹೋಗಲಿಲ್ಲ. ಆ ಕಂಬದ ಬುಡದಲ್ಲಿ ನಾನು ಕೇಳಿದ್ದು ಮಗಳನ್ನು ಮಾತ್ರ. ಆರೋಗ್ಯ ಕೇಳುವುದನ್ನು ನಾನು ಎಂದೋ ಬಿಟ್ಟಿದ್ದೆ. ಕೇಳದ್ದನ್ನೂ ಕೊಟ್ಟವಳನ್ನು ತಾಯಿ ಎನ್ನದೆ ಏನೆನ್ನಲಿ?

ಕಾಯಿಲೆ ಪೂರ್ತಿ ಹೋಯಿತು ಎಂದು ನಾನು ಬರೆಯುವುದಿಲ್ಲ. ಅದು ಹೋಗುವಂಥದ್ದಲ್ಲ. ಈಗಲೂ ಬೆಳಿಗ್ಗೆ ಮಾತ್ರೆ ನುಂಗಿ, ಕೈಮುಗಿದು, ಐದು ಇಪ್ಪತ್ತರ ಸುಮಾರಿಗೆ ಒಲೆ ಹಚ್ಚುತ್ತೇನೆ. ಇದನ್ನು ಓದುತ್ತಿರುವ ಅಕ್ಕತಂಗಿಯರಲ್ಲಿ ಸೋಮಾರಿ ಎನ್ನಿಸಿಕೊಂಡು ಮೂಲೆಯಲ್ಲಿ ಅಳುತ್ತಿರುವವರು ಇರಬಹುದು. ಅವರಿಗೆ ನನ್ನದೊಂದೇ ಮಾತು. ದೇವಿಗೆ ದೀಪ ಹಚ್ಚಿ, ಡಾಕ್ಟರಿಗೆ ರಕ್ತ ತೋರಿಸಿ, ಇಬ್ಬರ ಹತ್ತಿರವೂ ಏನನ್ನೂ ಮುಚ್ಚಿಡಬೇಡಿ. ಅಮ್ಮ ಕೈಬಿಡುವವಳಲ್ಲ.